ಇಡೀ ದಿನ ಕೂತ ದೊಡ್ಡಕ್ಕ

ನಮ್ಮ ಆಸ್ಪತ್ರೆಯ ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ. ಅಲ್ಲಿನ ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು, ಹರಿದ ಹಾಸಿಗೆಬಟ್ಟೆಗಳಿಗೆ ತೇಪೆ ಹಾಕುವವಳು ನಾನು. ನನ್ನೆದುರಿಗೆ ಇಸ್ತ್ರಿ ವಿಭಾಗ, ಅದರ ಒಡತಿ ದೊಡ್ಡಕ್ಕ. ವಯಸ್ಸಿನಲ್ಲಿ ಅವಳು ನನಗಿಂತ ಆರು ವರ್ಷ ಚಿಕ್ಕವಳು. ಆದರೂ ನಾನು ಅವಳನ್ನು ದೊಡ್ಡಕ್ಕ ಅಂತಲೇ ಕರೆಯುತ್ತೇನೆ. ನಮ್ಮ ಮೇಲ್ವಿಚಾರಕರೂ ಹಾಗೇ ಕರೆಯುತ್ತಾರೆ. ಒಮ್ಮೆ ತಪಾಸಣೆಗೆ ಬಂದಿದ್ದ ಆಸ್ಪತ್ರೆಯ ದೊಡ್ಡ ಡಾಕ್ಟರು ಕೂಡ ಬಾಯಿ ತಪ್ಪಿ ಹಾಗೇ ಕರೆದುಬಿಟ್ಟರು. ಆಳು ಎತ್ತರ, ದನಿ ಅದಕ್ಕಿಂತ ಎತ್ತರ. ಮೂರು ಒಗೆಯುವ ಯಂತ್ರಗಳು ಒಟ್ಟಿಗೆ ಗುಡುಗುತ್ತಿದ್ದರೂ ಅವಳು ಕರೆದರೆ ಮಹಡಿಯ ಮೇಲಿನವರೂ ತಿರುಗಿ ನೋಡಬೇಕು.

ಮೂರು ವರ್ಷದ ಹಿಂದೆ ನಮ್ಮ ಬಿಳಿ ಬಟ್ಟೆಗಳೆಲ್ಲ ಹಳದಿ ತಿರುಗತೊಡಗಿದವು. ಬ್ಲೀಚ್ ಹೆಚ್ಚು ಹಾಕಿದಷ್ಟೂ ಹೆಚ್ಚು ಹಳದಿ. ಬ್ಲೀಚ್ ಮಾರುವವನು ಬಂದು ನೋಡಿ, "ನಿಮ್ಮ ಹೆಂಗಸರು ಸರಿಯಾಗಿ ಜಾಲಿಸ್ತಾ ಇಲ್ಲ" ಅಂದ. ದೊಡ್ಡಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಎಂಟು ಬಕೆಟ್ ಸಾಲಾಗಿ ಇಟ್ಟಳು. ಕೆಲವಕ್ಕೆ ಹಳೆಯ ತೊಟ್ಟಿಯ ನೀರು, ಕೆಲವಕ್ಕೆ ಹೊಸ ಕೊಳವೆಬಾವಿಯ ನೀರು. ಒಂದಕ್ಕೆ ಬ್ಲೀಚ್ ಉಂಟು, ಒಂದಕ್ಕೆ ಇಲ್ಲ. ಎಲ್ಲದರಲ್ಲೂ ಒಂದೊಂದು ಬಟ್ಟೆತುಂಡು ಮುಳುಗಿಸಿ ಮೂರು ದಿನ ಕಾದಳು. ಕೊನೆಗೆ ಕಳ್ಳ ಸಿಕ್ಕಿಬಿದ್ದ: ಹೊಸ ಕೊಳವೆಬಾವಿ. ರಕ್ತಪರೀಕ್ಷೆ ವಿಭಾಗದ ಡಾಕ್ಟರಮ್ಮ ಬಂದು ಬಕೆಟ್‌ಗಳನ್ನು ನೋಡಿ, "ನೀರಲ್ಲಿ ಕಬ್ಬಿಣ ಇದೆ ದೊಡ್ಡಕ್ಕ, ಬ್ಲೀಚ್ ಸೇರಿದ್ರೆ ತುಕ್ಕಾಗುತ್ತೆ. ನೀವು ಮಾಡಿದ್ದು ಏನು ಗೊತ್ತಾ? ಪಕ್ಕಾ ಪ್ರಯೋಗ. ನಮ್ಮ ಕೆಲವು ವಿದ್ಯಾರ್ಥಿಗಳಿಗೂ ಇಷ್ಟು ಅಚ್ಚುಕಟ್ಟಾಗಿ ಮಾಡೋಕೆ ಬರಲ್ಲ" ಅಂದರು.

ಆ ಮಾತು ಅವಳ ತಲೆಯೊಳಗೆ ಕೂತುಬಿಟ್ಟಿತು. ಅಪ್ಪ ಹಾಸಿಗೆ ಹಿಡಿದಾಗ ಹದಿನೈದನೇ ವಯಸ್ಸಿಗೆ, ಹತ್ತನೇ ತರಗತಿ ಮುಗಿಸಿ, ಓದು ಬಿಟ್ಟವಳು ಅವಳು. ಈಗ ಖಾಸಗಿಯಾಗಿ ಪಿಯುಸಿ ಪರೀಕ್ಷೆ ಕಟ್ಟಿದಳು. ಒಂದು ಸಲ ಡುಮ್ಕಿ ಹೊಡೆದಳು, ಎರಡನೇ ಸಲ ಪಾಸಾದಳು. ನಲವತ್ತಾರನೇ ವಯಸ್ಸಿಗೆ ವಿಶ್ವವಿದ್ಯಾಲಯದ ಸಂಜೆ ತರಗತಿಗೆ, ರಸಾಯನಶಾಸ್ತ್ರಕ್ಕೆ, ಸೀಟು ಸಿಕ್ಕಿತು. ಸೀಟಿನ ಪತ್ರದ ಜೊತೆಗೇ ಇನ್ನೊಂದು ಹಾಳೆ ಬಂತು: ಹೊಸ ವಿದ್ಯಾರ್ಥಿಗಳಿಗೆ ಪರಿಚಯ ದಿನ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ.

ಗಲಾಟೆ ಶುರುವಾಗಿದ್ದೇ ಆ ಹಾಳೆಯಿಂದ.

ದೊಡ್ಡಕ್ಕನ ಗಂಡ ಸಿಟಿ ಬಸ್ ಓಡಿಸುತ್ತಾನೆ. ಅವನ ವಾರದ ರಜೆಗೂ ಇವಳ ರಜೆಗೂ ಎಣ್ಣೆ ಸೀಗೆಕಾಯಿ ಸಂಬಂಧ, ಎರಡೂ ಸೇರಿದ್ದೇ ಇಲ್ಲ. ಆ ವರ್ಷ ಅವಳ ಹತ್ತಿರ ಉಳಿದಿದ್ದು ಒಂದೇ ರಜೆ. ಅದನ್ನು ಗಂಡನ ರಜೆಯ ದಿನಕ್ಕೇ ಹೊಂದಿಸಿ, ಇಬ್ಬರೂ ಊರಾಚೆಯ ಕೆರೆಗೆ ಹೋಗುವುದು ಅಂತ ಮೂರು ತಿಂಗಳ ಹಿಂದೆಯೇ ಮಾತಾಗಿತ್ತು. ಪರಿಚಯ ದಿನ ಬಂದು ಬಿದ್ದಿದ್ದೂ ಸರಿಯಾಗಿ ಅದೇ ದಿನ.

"ಅರ್ಧ ದಿನ ಹೋಗಿ ಬಾ. ಮಧ್ಯಾಹ್ನ ಕೆರೆಗೆ ಹೋಗೋಣ" ಅಂದ ಗಂಡ. ನ್ಯಾಯವಾದ ಮಾತೇ.

ಮಗಳದ್ದು ಇನ್ನೂ ಖಡಾಖಂಡಿತ. ಅವಳು ಅದೇ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದಳು. ಎರಡನೇ ವರ್ಷ ಶುರುವಾಗಿ ಒಂದು ತಿಂಗಳು ಆಗುತ್ತಾ ಬಂದಿತ್ತು. "ಅಮ್ಮ, ಅದೆಲ್ಲ ಬರೀ ಭಾಷಣ. ನಾನು ಹೋದ ವರ್ಷ ಬ್ಯಾಗ್ ಇಸ್ಕೊಂಡು ಹತ್ತೂವರೆಗೆಲ್ಲ ಎದ್ದು ಬಂದೆ. ಏನು ನಷ್ಟ ಆಯ್ತು ಹೇಳು?"

ದೊಡ್ಡಕ್ಕ ನನ್ನನ್ನೂ ಕೇಳಿದಳು. ನಾನು ದೊಡ್ಡ ಜಾಣೆಯ ಹಾಗೆ, "ಓದೋದು ಮುಖ್ಯ ದೊಡ್ಡಕ್ಕ. ಓದೋದು ಹೇಗೆ ಅಂತ ಇಡೀ ದಿನ ಕೇಳಿಸ್ಕೊಳ್ಳೋದ್ರಲ್ಲಿ ಏನಿದೆ? ಕೆರೆಗೆ ಹೋಗು" ಅಂದೆ. ಮೂರು ಜನ ಮೂರು ದಿಕ್ಕಿನಿಂದ ಹೇಳಿದ್ದೂ ಒಂದೇ ಮಾತು. ಅವಳು ತಲೆಯಾಡಿಸಿದಳು. ಮಧ್ಯಾಹ್ನದವರೆಗೆ ಮಾತ್ರ ಅಂತ ತೀರ್ಮಾನವಾಯಿತು.

ಆ ದಿನ ನಡೆದಿದ್ದನ್ನು ಅವಳು ಆಮೇಲೆ ಒಂದು ವಾರ, ದಿನಾ ಊಟದ ಹೊತ್ತಿನಲ್ಲಿ ಕಂತು ಕಂತಾಗಿ ನಮಗೆಲ್ಲ ಹೇಳಿದಳು. ಸ್ವಲ್ಪ ಉಪ್ಪುಖಾರ ಸೇರಿಸಿರಬಹುದು. ಆದರೆ ಗಂಡನನ್ನು ಕೇಳಿದಾಗಲೂ ಅದೇ ಕಥೆ ಬಂತು, ಹಾಗಾಗಿ ನಂಬಿದ್ದೇನೆ.

ಬೆಳಿಗ್ಗೆ ಎಂಟೂವರೆಗೇ ಹೋಗಿ ಸಾಲಿನಲ್ಲಿ ನಿಂತಳಂತೆ. ಮುಂದೆ ಹಿಂದೆ ಎಲ್ಲ ಹದಿನೆಂಟರ ಆಸುಪಾಸಿನವರು. ಮೇಜಿನ ಹಿಂದೆ ಕೂತಿದ್ದ ಹುಡುಗಿ ತಲೆ ಎತ್ತದೆ, "ಪೋಷಕರೆಲ್ಲ ಹಿಂದಿನ ಸಾಲಲ್ಲಿ ಕೂತ್ಕೊಳ್ಳಿ. ಮಗು ಎಲ್ಲಿ?" ಅಂದಳು.

"ನಾನೇ ಮಗು" ಅಂದಳು ದೊಡ್ಡಕ್ಕ.

ಅವಳ ದನಿ ಗೊತ್ತಲ್ಲ. ಸಾಲಿಗೆ ಸಾಲೇ ನಕ್ಕಿತು. ಮೇಜಿನ ಹುಡುಗಿ ಕೆಂಪಾಗಿ, ಕ್ಷಮೆ ಕೇಳಿ, ಪಟ್ಟಿಯಲ್ಲಿ ಹೆಸರು ಹುಡುಕಿ, ಎದೆಗೆ ಸಿಕ್ಕಿಸಿಕೊಳ್ಳುವ ಚೀಟಿಯನ್ನು ತಾನೇ ಎದ್ದು ಬಂದು ಸಿಕ್ಕಿಸಿದಳು.

ಸಭಾಂಗಣದಲ್ಲಿ ಅವಳ ಪಕ್ಕಕ್ಕೆ ಒಂದು ಕನ್ನಡಕದ ಹುಡುಗಿ ಬಂದು ಕೂತಳು. ಬ್ಯಾಗನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದಳು, ಯಾರೋ ಕಿತ್ತುಕೊಂಡು ಓಡುತ್ತಾರೇನೋ ಅನ್ನುವ ಹಾಗೆ. ಹಗಲು ಅಂಗಡಿಯೊಂದರಲ್ಲಿ ಕೆಲಸ, ಸಂಜೆ ರಸಾಯನಶಾಸ್ತ್ರ. ದೂರದ ಊರಿನಿಂದ ಬಂದು ಎರಡು ದಿನವಾಗಿತ್ತು, ಇಲ್ಲಿ ಯಾರೂ ಗೊತ್ತಿಲ್ಲ. "ನಂದೂ ಅದೇ ಕ್ಲಾಸ್" ಅಂದಳು ದೊಡ್ಡಕ್ಕ. ಹುಡುಗಿ ಅರ್ಧ ನಂಬಿದಳು, ಅರ್ಧ ನಂಬಲಿಲ್ಲ.

ಆಮೇಲೆ ಭಾಷಣಗಳು. ಕುಲಪತಿಗಳು ಐವತ್ತು ನಿಮಿಷ ಮಾತಾಡಿದರು. ಅವರ ನಂತರ ಬಂದವರು "ಎಲ್ಲಾ ಅವರೇ ಹೇಳಿದ್ದಾರೆ, ನಾನು ಹೇಳೋಕೆ ಏನೂ ಉಳಿದಿಲ್ಲ" ಅಂತ ಶುರುಮಾಡಿ ಮುಕ್ಕಾಲು ಗಂಟೆ ಹೇಳಿದರು. ಮೂರನೆಯವರು "ಎರಡೇ ಮಾತು" ಅಂದಾಗ ದೊಡ್ಡಕ್ಕ ಬೆರಳು ಮಡಚಿ ಲೆಕ್ಕ ಇಟ್ಟಳು. ಎರಡೂ ಕೈಯ ಬೆರಳು ಮುಗಿದವು. ವೇದಿಕೆಯ ಮೇಜಿಗೆ ಹಾಸಿದ್ದ ಬಟ್ಟೆಯ ಮೇಲೆ ಅಂಗೈ ಅಗಲದ ಸುಕ್ಕು. ತುದಿಯಲ್ಲಿ ಇಸ್ತ್ರಿಪೆಟ್ಟಿಗೆ ಹೆಚ್ಚು ಕಾದು ಆದ ಕಂದು ಕಲೆ. ಅದನ್ನು ನೋಡಿ ನೋಡಿ ಅವಳಿಗೆ ಕೈ ಕಡಿಯತೊಡಗಿತು. ಉಳಿದವರೆಲ್ಲ ನಿದ್ದೆ ತಡೆಯಲು ಒದ್ದಾಡುತ್ತಿದ್ದರೆ, ತನ್ನನ್ನು ಎಚ್ಚರ ಇಟ್ಟಿದ್ದು ಆ ಸುಕ್ಕೊಂದೇ ಅಂತ ಅವಳ ಹೇಳಿಕೆ.

ಊಟದ ಗಂಟೆ ಹೊಡೆದದ್ದೇ ತಡ, ಜನ ಅಣೆಕಟ್ಟು ಒಡೆದ ಹಾಗೆ ಹೊರಗೆ ನುಗ್ಗಿದರು. ಅರ್ಧಕ್ಕರ್ಧ ಹಾಗೇ ಗೇಟಿನ ಕಡೆಗೆ. ದೊಡ್ಡಕ್ಕನೂ ಗೇಟಿನವರೆಗೆ ಬಂದಳು. ಆಗಲೇ ಗಂಡನ ಫೋನು.

"ಮುಗೀತೇನೇ? ಡಬ್ಬಿ ಕಟ್ಕೊಂಡು ರೆಡಿಯಾಗಿದ್ದೀನಿ. ಹೊರಡೋಣ್ವಾ?"

"ಬಂದೆ ರೀ" ಅಂದಳು. ಅಂದವಳು ಸುಮ್ಮನೆ ಹಿಂತಿರುಗಿ ನೋಡಿದಳು. ಕನ್ನಡಕದ ಹುಡುಗಿ ನಾಲ್ಕು ಹೆಜ್ಜೆ ಹಿಂದೆ ನಿಂತಿದ್ದಾಳೆ.

"ನೀವೂ ಹೋಗ್ತಿದ್ದೀರಾ ಆಂಟಿ?"

"ಹೂಂ ಕಣಮ್ಮ. ಮನೇಲಿ ಕಾಯ್ತಾ ಇದ್ದಾರೆ."

"ಸರಿ" ಅಂದಳು ಹುಡುಗಿ. ಬ್ಯಾಗನ್ನು ಇನ್ನಷ್ಟು ತಬ್ಬಿಕೊಂಡು, "ಬೆಳಗಿಂದ ನಾನು ಮಾತಾಡಿದ್ದು ನಿಮ್ಮ ಹತ್ರ ಮಾತ್ರ" ಅಂದಳು.

ಆ ಮುಖ ನೋಡಿ ಹೊರಗಿಟ್ಟ ಕಾಲು ಮುಂದೆ ಹೋಗಲಿಲ್ಲವಂತೆ. ಜೊತೆಗೆ ಇನ್ನೊಂದು ಕಾರಣವೂ ಇತ್ತು, ಅದನ್ನು ಅವಳು ಕೊನೆಗೆ ಒಪ್ಪಿಕೊಂಡಳು. ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಇಡೀ ದಿನಕ್ಕೆ ಸಹಿ ಹಾಕಿದ್ದಳು. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಸಹಿ ಹಾಕಿ ಅರ್ಧಕ್ಕೆ ಎದ್ದು ಹೋದವಳಲ್ಲ ಅವಳು.

"ರೀ, ತಪ್ಪು ತಿಳ್ಕೋಬೇಡಿ. ನಾನು ಪಾಳಿ ಮುಗಿಸೇ ಬರ್ತೀನಿ" ಅಂದಳು ಫೋನಿಗೆ.

ಆ ಕಡೆ ಡಬ್ಬಿಯ ಮುಚ್ಚಳ ಬಿಗಿ ಮಾಡಿದ ಸದ್ದು ಕೇಳಿಸಿತು. ಆಮೇಲೆ, "ಹಾಗಾದ್ರೆ ಡಬ್ಬಿ ತಗೊಂಡು ನಾನೇ ಅಲ್ಲಿಗೆ ಬರ್ತೀನಿ. ರಜೆ ಹಾಕಿ ಮನೇಲಿ ಗೋಡೆ ನೋಡ್ಕೊಂಡು ಕೂರಕ್ಕಾಗುತ್ತಾ?" ಅಂದ.

ಬಂದೇಬಿಟ್ಟ. ಬಾಗಿಲಲ್ಲಿ ಅದೇ ಮೇಜಿನ ಹುಡುಗಿ, "ನೀವು?" ಅಂದಳು. "ಪೋಷಕ" ಅಂದ ಅವನು ಗಂಭೀರವಾಗಿ, ಹೆಂಡತಿಯ ಕಡೆ ಕೈ ತೋರಿಸಿ. ಗಂಡ, ಹೆಂಡತಿ, ಕನ್ನಡಕದ ಹುಡುಗಿ, ಮೂವರೂ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿದರು. ಕೆರೆ ದಂಡೆಯಲ್ಲಿ ತಿನ್ನಬೇಕಾಗಿದ್ದನ್ನು ಅಲ್ಲೇ ಹಂಚಿಕೊಂಡು ತಿಂದರು.

ಊಟ ಆದಮೇಲೆ ಮೊದಲು ಪ್ರಯೋಗಾಲಯ. ಅಲ್ಲಿನ ಮೇಷ್ಟ್ರು ಚುರುಕು ಮನುಷ್ಯ. ಕಣ್ಣು ತೊಳೆಯುವ ನಲ್ಲಿ, ಬೆಂಕಿ ಆರಿಸುವ ಕಂಬಳಿ ಎಲ್ಲ ತೋರಿಸಿ, "ಮನೇಲಿರೋ ಯಾವ ಎರಡು ವಸ್ತು ಯಾವತ್ತೂ ಬೆರೆಸಬಾರದು? ಯಾರಾದ್ರೂ ಹೇಳಿ" ಅಂದರು. ಎಲ್ಲರೂ ನೆಲ ನೋಡಿದರು.

"ಬ್ಲೀಚು, ಕಕ್ಕಸು ತೊಳೆಯೋ ಆ್ಯಸಿಡ್ಡು" ಅಂದಳು ದೊಡ್ಡಕ್ಕ. "ನಮ್ಮಲ್ಲೊಬ್ಬಳು ಬೇಗ ಬೆಳ್ಳಗಾಗಲಿ ಅಂತ ಎರಡೂ ಸುರಿದಳು ಸಾರ್. ಹಸಿರು ಹೊಗೆ ಬಂತು. ನಾನು ಒದ್ದೆ ಬಟ್ಟೆ ಮೂಗಿಗೆ ಹಿಡಿದು ಅವಳನ್ನ ಹೊರಗೆ ಎಳ್ಕೊಂಡು ಬಂದೆ. ಮೂರು ದಿನ ಕೆಮ್ಮಿದಳು, ಪುಣ್ಯಕ್ಕೆ ಬದುಕಿದಳು."

ಹಾಗೆ ಸುರಿದವಳು ನಾನೇ. ಆ ಸುದ್ದಿ ವಿಶ್ವವಿದ್ಯಾಲಯದವರೆಗೆ ಹೋಗಬೇಕಿರಲಿಲ್ಲ, ಹೋಯಿತು.

ಮೇಷ್ಟ್ರಿಗೆ ಖುಷಿಯೋ ಖುಷಿ. "ಕೇಳಿದ್ರಾ? ಪುಸ್ತಕದಲ್ಲಿ ಒಂದು ಸಾಲಿರುತ್ತೆ. ಇವರು ಹೇಳಿದ್ದು ಮಾತ್ರ ನಿಮಗೆ ನೆನಪಿರುತ್ತೆ" ಅಂದರು. ಅಲ್ಲಿಂದ ಮುಂದೆ ಮಕ್ಕಳೆಲ್ಲ ಅವಳ ಸುತ್ತ. ಗ್ರಂಥಾಲಯ ಸುತ್ತುವಾಗ ಗುಂಪಿನ ನಡುವೆ ನಡೆದವಳು ಅವಳೇ.

ನಾಲ್ಕು ಗಂಟೆಗೆ ಕೊನೆಯ ಕಾರ್ಯಕ್ರಮ, "ನಿಯಮಾವಳಿ". ಹೆಸರು ಕೇಳಿಯೇ ಉಳಿದವರೂ ಕರಗಿದರು. ಬೆಳಿಗ್ಗೆ ಆರುನೂರು ಜನ ಇದ್ದ ಸಭಾಂಗಣದಲ್ಲಿ ಈಗ ಹನ್ನೊಂದು ಜನ, ಹಿಂದಿನ ಸಾಲಿನಲ್ಲಿ ಬಾಯಿ ತೆರೆದು ಮಲಗಿದ್ದ ಪೋಷಕನೂ ಸೇರಿ. ವೇದಿಕೆಗೆ ಬಂದವರು ಕಚೇರಿಯ ಹಿರಿಯ ಗುಮಾಸ್ತರು. ಸಣಕಲು ದೇಹ, ಹಣೆಗೇರಿಸಿದ ಕನ್ನಡಕ. ಕೈಯಲ್ಲಿ ಹಾಳೆಗಳ ಕಟ್ಟು ಹಿಡಿದು, ಯಾರ ಮುಖವನ್ನೂ ನೋಡದೆ ಒಂದೇ ರಾಗದಲ್ಲಿ ಓದತೊಡಗಿದರು. ಒಂದನೇ ನಿಯಮ, ಎರಡನೇ ನಿಯಮ. ದೊಡ್ಡಕ್ಕನಿಗೂ ಕಣ್ಣು ಎಳೆಯಿತು.

ಹದಿನೇಳನೇ ನಿಯಮಕ್ಕೆ ಅವಳು ನೆಟ್ಟಗೆ ಕೂತಳು.

"ಸಾರ್, ಅದನ್ನ ಇನ್ನೊಂದು ಸಲ ಓದ್ತೀರಾ?"

ಗುಮಾಸ್ತರು ಗಾಬರಿಯಾದರು. ಹಣೆಯ ಕನ್ನಡಕ ಕಣ್ಣಿಗಿಳಿಸಿ, ಮಾತಾಡಿದ್ದು ಯಾರು ಅಂತ ಹುಡುಕಿ, ಮತ್ತೆ ಓದಿದರು. ಮೊದಲ ವರ್ಷದ ಎಲ್ಲ ಪರೀಕ್ಷೆಯಲ್ಲೂ ಪಾಸಾದ ವಿದ್ಯಾರ್ಥಿ, ಎರಡನೇ ವರ್ಷದ ತರಗತಿ ಶುರುವಾದ ಮೂವತ್ತು ದಿನದೊಳಗೆ, ತಾನು ಓದುವ ಮುಖ್ಯ ವಿಷಯವನ್ನು ಬದಲಾಯಿಸಿಕೊಳ್ಳಬಹುದು. ಎರಡೂ ವಿಭಾಗದ ಮುಖ್ಯಸ್ಥರು ಒಪ್ಪಿ ಸಹಿ ಹಾಕಬೇಕು. ಮೊದಲ ವರ್ಷ ವ್ಯರ್ಥವಾಗುವುದಿಲ್ಲ. ಹೊಸ ವಿಷಯದ ಎರಡು ಪರೀಕ್ಷೆ ಹೆಚ್ಚಾಗಿ ಬರೆದರೆ ಸಾಕು.

"ಅಂದ್ರೆ, ಈಗ ಎರಡನೇ ವರ್ಷದಲ್ಲಿ ಓದ್ತಾ ಇರೋರೂ?"

"ಅವರಿಗೇ ಅಮ್ಮ. ಅವರಿಗೋಸ್ಕರಾನೇ ಇರೋದು."

"ಈ ವಿಷಯ ಮಕ್ಕಳಿಗೆ ಗೊತ್ತಾ?"

ಗುಮಾಸ್ತರು ಖಾಲಿ ಕುರ್ಚಿಗಳ ಕಡೆ ಕೈ ಬೀಸಿದರು. "ಹನ್ನೆರಡು ವರ್ಷದಿಂದ ಓದ್ತಾ ಇದ್ದೀನಿ. ಪ್ರಶ್ನೆ ಕೇಳಿದ್ದು ನೀವೇ ಮೊದಲು. ಮುಗಿದ ಮೇಲೆ ಬನ್ನಿ, ಅರ್ಜಿ ನಮೂನೆ ನನ್ನ ಹತ್ರಾನೇ ಇದೆ." ಅಂದವರು ಉಳಿದ ನಿಯಮಗಳನ್ನು ಹೊಸ ಹುರುಪಿನಿಂದ, ದನಿ ಏರಿಸಿ ಇಳಿಸಿ ಓದಿದರಂತೆ.

ಇಲ್ಲಿ ಮಗಳ ವಿಷಯ ಹೇಳಬೇಕು. ಒಳ್ಳೆಯ ಅಂಕ ಬಂತು, ಗೆಳತಿಯರೆಲ್ಲ ಹೋದರು, ತಾನೂ ಹೋಗಿ ಕಂಪ್ಯೂಟರಿಗೆ ಸೇರಿದಳು. ಪಾಸೇನೋ ಆಗುತ್ತಿದ್ದಳು. ಆದರೆ ಬೆಳಿಗ್ಗೆ ಎದ್ದರೆ ತಲೆನೋವು, ತರಗತಿ ಇಲ್ಲದ ದಿನ ತಲೆನೋವು ಇಲ್ಲ. ಅವಳಿಗೆ ಮೊದಲಿಂದ ಹುಚ್ಚು ಅಂದರೆ ನಕ್ಷೆಯದ್ದು. ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪನ ಬಸ್ಸಿನ ದಾರಿಯನ್ನು ಏರು, ತಗ್ಗು, ತಿರುವುಗಳ ಸಮೇತ ಒಂದು ದೊಡ್ಡ ಹಾಳೆಯಲ್ಲಿ ಬರೆದಿದ್ದಳು. ಡಿಪೋದವರು ಅದರ ಪ್ರತಿ ತೆಗೆದು, ಹೊಸ ಡ್ರೈವರುಗಳು ನೋಡಲಿ ಅಂತ ಗೋಡೆಗೆ ಅಂಟಿಸಿಕೊಂಡಿದ್ದರು. ಭೂಗೋಳ ಓದುತ್ತೇನೆ ಅಂತ ಒಂದು ಸಲ ಬಾಯಿಬಿಟ್ಟಿದ್ದಳು. ಯಾರೋ ನಕ್ಕರು, ಬಾಯಿ ಮುಚ್ಚಿಕೊಂಡಳು.

ಸಂಜೆ ಆರಕ್ಕೆ ಮನೆಗೆ ಬಂದ ದೊಡ್ಡಕ್ಕ ಚಪ್ಪಲಿ ಬಿಡುವ ಮೊದಲೇ ಅರ್ಜಿಯನ್ನು ಮಗಳ ಮುಂದಿಟ್ಟಳು. ಮಗಳು ಓದಿದಳು. ಓದಿ ಸಿಟ್ಟಾದಳು.

"ನನಗೆ ಕಷ್ಟ ಆಗ್ತಿದೆ ಅಂತ ನಾನು ಹೇಳಿದ್ನಾ?"

"ಹೇಳ್ಲಿಲ್ಲ."

"ಮತ್ತೆ ಯಾಕೆ ತಂದೆ?"

"ದಾರಿ ಇದೆ ಅಂತ ತಂದೆ. ಹೋಗು ಅಂತ ನಾನೂ ಹೇಳ್ಲಿಲ್ಲ. ಬೇಡ ಅಂದ್ರೆ ಹರಿದು ಹಾಕು. ನನ್ನದೇನು ಗಂಟು ಹೋಗಲ್ಲ."

ಮಗಳು ಹರಿಯಲಿಲ್ಲ. ಹಾಳೆ ತಿರುಗಿಸಿ ಹಿಂದೆ ನೋಡಿದಳು, ಮತ್ತೆ ಮುಂದೆ ನೋಡಿದಳು. ಅಪ್ಪ ಅಡುಗೆಮನೆಯಿಂದಲೇ, "ಡಿಪೋದಲ್ಲಿ ಆ ನಕ್ಷೆ ಮಾಸಿ ಹೋಗಿದೆ ಕಣೇ, ಹೊಸದು ಬೇಕು ಅಂತಿದ್ರು" ಅಂದ. ಅದನ್ನು ಕೇಳಿ ಮಗಳಿಗೆ ಅಳು ಬಂತು. ಅತ್ತು ಮುಗಿಸಿ ಕ್ಯಾಲೆಂಡರ್ ನೋಡಿದವಳೇ ಕಿರುಚಿದಳು: "ಅಮ್ಮಾ! ಇವತ್ತಿಗೆ ಇಪ್ಪತ್ತಾರು ದಿನ! ಉಳಿದಿರೋದು ನಾಲ್ಕೇ!"

ಆ ನಾಲ್ಕು ದಿನ ನಮ್ಮ ಲಾಂಡ್ರಿಯಲ್ಲೂ ಯಾರಿಗೂ ಸಮಾಧಾನವಿಲ್ಲ. ಮೊದಲ ದಿನವೇ ಮಗಳು ಭೂಗೋಳ ವಿಭಾಗಕ್ಕೆ ಹೋದಳು. ಅಲ್ಲಿನ ಮುಖ್ಯಸ್ಥೆ ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು. ಬಸ್ಸಿನ ನಕ್ಷೆ ಹರಡಿ, "ದೂರ ಹೇಗೆ ಅಳೆದೆ?" ಅಂದರು. "ಅಪ್ಪ ಎಷ್ಟು ನಿಮಿಷಕ್ಕೆ ಎಲ್ಲಿರ್ತಾರೆ ಅಂತ ಬರ್ಕೊಂಡೆ ಮೇಡಂ. ಏರಲ್ಲಿ ಬಸ್ಸು ನಿಧಾನ ಆಗುತ್ತಲ್ಲ, ಅದಕ್ಕೆ ಏರಿಗೆ ಬೇರೆ ಲೆಕ್ಕ ಹಾಕಿದೆ." ಮುಖ್ಯಸ್ಥೆ ನಕ್ಷೆಯಲ್ಲಿ ಮೂರು ತಪ್ಪು ತೋರಿಸಿದರು. ಆಮೇಲೆ ಸಹಿ ಹಾಕಿದರು.

ತೊಡಕಾಗಿದ್ದು ಇನ್ನೊಂದು ಸಹಿ. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಊರಲ್ಲಿಲ್ಲ. ಬರುವುದು ಶುಕ್ರವಾರ ಮಧ್ಯಾಹ್ನ, ಅದೇ ಮೂವತ್ತನೇ ದಿನ. ಮಗಳು ಬೆಳಿಗ್ಗೆಯಿಂದ ಅವರ ಬಾಗಿಲಲ್ಲಿ ಬೆಂಚಿಗೆ ಅಂಟಿಕೊಂಡು ಕೂತಳು. ಮೂರು ಗಂಟೆಗೆ ಬಂದರು, ಅರ್ಜಿ ನೋಡಿದರು, "ಚೆನ್ನಾಗೇ ಓದ್ತಾ ಇದ್ದೀಯಲ್ಲಮ್ಮ, ಯಾಕೆ?" ಅಂದರು.

"ಓದ್ತೀನಿ ಸಾರ್. ಆದ್ರೆ ಇಲ್ಲಿ ಓದೋದು ಮುಗಿದ್ರೆ ಸಾಕು ಅನ್ಸುತ್ತೆ. ನಕ್ಷೆ ಹಿಡಿದ್ರೆ ಮುಗಿಯೋದೇ ಬೇಡ ಅನ್ಸುತ್ತೆ."

ಅವರು ಪೆನ್ನು ತೆಗೆದರು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಗುಮಾಸ್ತರ ಮೊಹರು ಬಿತ್ತು. ಮೊಹರು ಒತ್ತುವಾಗ ಅವರು, "ನಿಮ್ಮಮ್ಮನಿಗೆ ನಮಸ್ಕಾರ ಹೇಳು" ಅಂದರಂತೆ. ಸುದ್ದಿ ಫೋನಿನಲ್ಲಿ ಬಂದಾಗ ದೊಡ್ಡಕ್ಕ ದಿಂಬಿನ ಗವಸು ಇಸ್ತ್ರಿ ಮಾಡುತ್ತಿದ್ದಳು. ಅವಳು ಹಾಕಿದ ಕೂಗಿಗೆ ಮಹಡಿಯ ಮೇಲಿಂದ ಇಬ್ಬರು ನರ್ಸುಗಳು ಏನಾಯಿತೋ ಅಂತ ಓಡಿ ಬಂದರು.

ಇದೆಲ್ಲ ಆಗಿ ವರ್ಷ ಕಳೆದಿದೆ. ಮಗಳು ವಾರಕ್ಕೊಮ್ಮೆ ಗುಡ್ಡವೋ ಹಳ್ಳವೋ ಅಳೆಯಲು ಹೋಗಿ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬರುತ್ತಾಳೆ. ತಲೆನೋವಿನ ಸುದ್ದಿಯೇ ಇಲ್ಲ. ದೊಡ್ಡಕ್ಕನದ್ದು ಎಲ್ಲ ಹೂವಿನ ಹಾಸಿಗೆ ಅಂತ ತಿಳಿಯಬೇಡಿ. ಮೊದಲ ಗಣಿತ ಪರೀಕ್ಷೆಯಲ್ಲಿ ಐವತ್ತಕ್ಕೆ ಹತ್ತೊಂಬತ್ತು ಬಂತು. ಎರಡು ದಿನ ಯಾರ ಜೊತೆಯೂ ಮಾತಿಲ್ಲ, ಲಾಂಡ್ರಿ ಬಿಕೋ ಅನ್ನುತ್ತಿತ್ತು. ಆಗ ಕೈ ಹಿಡಿದವಳು ಕನ್ನಡಕದ ಹುಡುಗಿ. ಭಾನುವಾರಗಳಲ್ಲಿ ಮನೆಗೆ ಬಂದು ಲೆಕ್ಕ ಹೇಳಿಕೊಟ್ಟಳು. ದೊಡ್ಡಕ್ಕ ಅವಳಿಗೆ ಹೊಟ್ಟೆ ತುಂಬ ಉಣ್ಣಿಸಿದಳು. ಮುಂದಿನ ಪರೀಕ್ಷೆಯಲ್ಲಿ ಮೂವತ್ತೊಂದು.

ಮೊನ್ನೆ ನನ್ನ ಒಡಹುಟ್ಟಿದ ಅಕ್ಕನ ಮೊಮ್ಮಗಳಿಗೆ ಅಲ್ಲೇ ಸೀಟು ಸಿಕ್ಕಿತು. "ಅಜ್ಜಿ, ಪರಿಚಯ ದಿನ ಅಂತೆ. ಇಡೀ ದಿನ ಕೂರಲೇಬೇಕಾ?" ಅಂದಳು. ಹೋದ ಸಲ ಜಾಣೆಯ ಹಾಗೆ ಬುದ್ಧಿ ಹೇಳಿ ಕೈ ಸುಟ್ಟುಕೊಂಡಿದ್ದರಿಂದ ನಾನು ಬಾಯಿ ತೆರೆಯಲಿಲ್ಲ, ನೇರವಾಗಿ ದೊಡ್ಡಕ್ಕನ ಹತ್ತಿರ ಕರೆದುಕೊಂಡು ಹೋದೆ.

ದೊಡ್ಡಕ್ಕ ಇಸ್ತ್ರಿ ನಿಲ್ಲಿಸದೆ ಹೇಳಿದಳು: "ಸುಳ್ಳು ಯಾಕೆ ಹೇಳ್ಲಿ ಮಗಾ. ಬೆಳಗಿಂದು ಶುದ್ಧ ದಂಡ. ನಿದ್ದೆ ಬಂದ್ರೆ ಮಾಡು, ಗೊರಕೆ ಒಂದು ಹೊಡೀಬೇಡ. ಮಧ್ಯಾಹ್ನ ಪ್ರಯೋಗಾಲಯ ಚೆನ್ನಾಗಿರುತ್ತೆ. ಕೊನೇದು ಮಾತ್ರ ಬಿಡ್ಲೇಬೇಡ. ಸಣಕಲು ಸಾರ್ ಒಬ್ಬರು ಓದ್ತಾರೆ, ಮುಂದಿನ ಸಾಲಲ್ಲಿ ಕೂತ್ಕೋ. ಏನಾದ್ರೂ ಒಂದು ಪ್ರಶ್ನೆ ಕೇಳು, ಅವರಿಗೂ ಖುಷಿಯಾಗುತ್ತೆ."

"ಏನು ಕೇಳೋದು?"

"ಅದು ಅವರು ಓದೋವಾಗ ನಿನಗೇ ಗೊತ್ತಾಗುತ್ತೆ. ಈಗ ಆ ತುದಿ ಹಿಡಿ, ಈ ಚಾದರ ಮಡಚೋಣ."

ಹುಡುಗಿ ತುದಿ ಹಿಡಿದಳು. ಇಬ್ಬರೂ ಎದುರುಬದುರು ನಿಂತು ಮಡಚತೊಡಗಿದರು.